ಓದುಗರ ಸ್ಪಂದನ: ಯಂತ್ರದ ಕೆಲಸ ಗಂಡಸರಿಗೆ ಮಾತ್ರವೇ?

ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ವರ್ಷಗಳಿಂದ ಬೀಜ ಆರಿಸುತ್ತಿರುವ ಕುಶಾಲನಗರದ ಓದುಗಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟ ಹೇಳಿಕೊಂಡಿದ್ದರು. ಬಣ್ಣ ನೋಡಿ ಬೀಜ ಬೇರ್ಪಡಿಸುವ ಹೊಸ ಯಂತ್ರಕ್ಕೆ ಮೊನ್ನೆ ಮೊನ್ನೆ ಸೇರಿದ ಹುಡುಗನನ್ನು ಹಾಕಿದ್ದಾರೆ. ತನಗೂ ಕಲಿಸಿ ಎಂದರೆ ಮೇಲ್ವಿಚಾರಕರು ನಕ್ಕುಬಿಟ್ಟರು. ಮತ್ತೆ ಕೇಳಲೇ, ಇರುವ ಕೆಲಸ ಉಳಿಸಿಕೊಂಡು ಸುಮ್ಮನಿರಲೇ ಎಂಬುದು ಅವರ ಪ್ರಶ್ನೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ತಂಗಿ, ನಿನ್ನ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನೂ ಕ್ಯೂರಿಂಗ್‌ನಲ್ಲಿ ಕಣ್ಣು ಸವೆಸಿದವಳು. ಕರಿಬೀಜ, ಒಡಕು, ಹುಳ ಕೊರೆದದ್ದು, ಎಲ್ಲವನ್ನೂ ಬೆರಳು ತಾನಾಗಿ ಹೆಕ್ಕುತ್ತಿತ್ತು. ಗಾತ್ರ ನೋಡಿ ಬೀಜ ಬೇರ್ಪಡಿಸುವ ಗ್ರೇಡಿಂಗ್ ಯಂತ್ರ ನಡೆಸುವವರು ಬೊಗಸೆಯಲ್ಲಿ ಬೀಜ ತಂದು, ‘ಅಕ್ಕಾ, ಇದರಲ್ಲಿ ಸಣ್ಣದು ಬೆರೆತಿದೆಯೇ ನೋಡಿ’ ಎನ್ನುತ್ತಿದ್ದರು. ನಾವು ನೋಡಿ ಹೇಳಿದ ಮೇಲೆ ಹೋಗಿ ಜರಡಿ ಬದಲಿಸುತ್ತಿದ್ದರು. ಸಂಬಳದ ದಿನ ಅವರು ಆಪರೇಟರ್, ನಾವು ಆಳು. ಆಗ ಯಾರೂ ತುಟಿ ಬಿಚ್ಚಲಿಲ್ಲ. ಗಂಡಸರ ಬಾಯಿಗೆ ಬೀಳುವುದೇಕೆ, ಮೇಲ್ವಿಚಾರಕರ ಕಣ್ಣಿಗೆ ಬೀಳುವುದೇಕೆ ಎಂದು ತಲೆ ತಗ್ಗಿಸಿ ಆರಿಸಿದೆವು. ಕೊನೆಗೆ ಬಣ್ಣದ ಯಂತ್ರ ಬಂತು. ‘ಮುಂದಿನ ಸೀಸನ್‌ಗೆ ಹೇಳಿ ಕಳಿಸುತ್ತೇವೆ’ ಎಂದರು. ಕಳಿಸಲಿಲ್ಲ. ಈಗ ತೋಟದ ಕೆಲಸಕ್ಕೆ ಜೀಪು ಹತ್ತುತ್ತೇನೆ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ ಎಂದು ನಿನಗೆ ಹೇಳಿದವರು ಯಾರು? ನಾವು ಸುಮ್ಮನೇ ಇದ್ದೆವಲ್ಲ!
– ಓದುಗಿ, ಸೋಮವಾರಪೇಟೆ

ಕೆಲಸವೇ ಇಲ್ಲದವರು ಎಷ್ಟೋ ಮಂದಿ ಇದ್ದಾರೆ. ಇರುವುದರಲ್ಲಿ ತೃಪ್ತಿಪಡಿ. ಮನೆ ಬಿಟ್ಟು ರಾತ್ರಿ ಪಾಳಿ ಮಾಡಲು ನಿಮ್ಮಿಂದ ಆದೀತೇ?
– ಓದುಗ, ವಿರಾಜಪೇಟೆ

ಪತ್ರ ಬರೆದವರು ರಾತ್ರಿ ಪಾಳಿಯ ಮಾತು ಎತ್ತಿರಲಿಲ್ಲ. ಮುಂದಿನ ಪತ್ರ ಯಂತ್ರದ ಪಕ್ಕದಿಂದಲೇ ಬಂದಿದೆ.

ಅಂಥ ಯಂತ್ರವನ್ನೇ ನಾನು ನಡೆಸುವುದು. ಬೀಜ ಜಾರಿ ಬೀಳುವಾಗ ಕ್ಯಾಮೆರಾ ಬಣ್ಣ ನೋಡುತ್ತದೆ; ಕೆಟ್ಟದ್ದನ್ನು ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ. ಯಾವುದು ಕೆಟ್ಟದ್ದೆಂದು ಅದಕ್ಕೆ ತೋರಿಸಿಕೊಡಬೇಕಾದವರು ನಾವು. ಗುಂಡಿ ಒತ್ತುವುದನ್ನು ಬೇಗ ಕಲಿತೆ, ಬೀಜ ಗುರುತಿಸುವುದು ಬೇಗ ಬರಲಿಲ್ಲ. ಅಕ್ಕಾ, ನಿಮಗೆ ಅದು ಆಗಲೇ ಬರುತ್ತದೆ.
– ಓದುಗ, ಕೂಡ್ಲೂರು

ಯಂತ್ರದ ಮಾತು ಆಮೇಲೆ. ಮೊದಲು ಬೆನ್ನಿಗೆ ಆಸರೆಯಿರುವ ಕುರ್ಚಿ, ಧೂಳಿಗೆ ಮಾಸ್ಕ್, ಬಾಗಿಲಿಗೆ ಚಿಲಕವಿರುವ ಶೌಚಾಲಯ ಕೇಳಿ. 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಮಕ್ಕಳಿಗೊಂದು ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನನ್ನ ಮಗಳು ಗೋಣಿ ರಾಶಿಯ ಮೇಲೆ ಮಲಗಿಯೇ ಬೆಳೆದಳು.
– ಓದುಗಿ, ಗೋಣಿಕೊಪ್ಪಲು

ಹೆಂಗಸರು ಯಂತ್ರ ಮುಟ್ಟುವಂತಿಲ್ಲ ಎಂದು ಕೆಲವರು ಕಾನೂನಿನ ಹೆಸರು ಹೇಳುತ್ತಾರೆ. ಆ 1948ರ ಕಾಯ್ದೆ ತಡೆದದ್ದು ಓಡುತ್ತಿರುವ ಯಂತ್ರದ ಅಪಾಯಕಾರಿ ಭಾಗಗಳನ್ನು ಒರೆಸುವುದನ್ನು, ಎಣ್ಣೆ ಬಿಡುವುದನ್ನು, ಯಂತ್ರ ನಡೆಸುವುದನ್ನಲ್ಲ. 1976ರ ಸಮಾನ ವೇತನ ಕಾಯ್ದೆಗೆ 1987ರ ತಿದ್ದುಪಡಿ, ಬಡ್ತಿ, ತರಬೇತಿಗಳಲ್ಲೂ ಹೆಣ್ಣೆಂದು ತಾರತಮ್ಯ ಮಾಡಬಾರದೆಂದು ಸೇರಿಸಿತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯೂ ಒಂದೇ ಬಗೆಯ ಕೆಲಸಕ್ಕೆ ಹೆಣ್ಣೆಂದು ಕಡಿಮೆ ಕೂಲಿ ಕೊಡುವುದನ್ನು ಒಪ್ಪುವುದಿಲ್ಲ. ಬಾಯಿಮಾತು ಬೇಡ, ಬರೆದು ಕೊಡಿ. ಒಬ್ಬರೇ ಬೇಡ, ನಾಲ್ಕಾರು ಮಂದಿ ಸಹಿ ಹಾಕಿ.
– ವಕೀಲೆ, ಮಡಿಕೇರಿ

ಕುಶಾಲನಗರದ ಓದುಗರು ಅರ್ಜಿ ಕೊಡುವುದಾದರೆ ಅದರ ಒಂದು ಪ್ರತಿಗೆ ಸ್ವೀಕೃತಿಯ ಸಹಿ, ಮೊಹರು, ತಾರೀಕು ಹಾಕಿಸಿಕೊಂಡು ಮನೆಯಲ್ಲಿಟ್ಟುಕೊಳ್ಳಲಿ. ಸಹಿ ಹಾಕಲು ಹಿಂಜರಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು.