ಸಹಾಯ ಬೇಕು: ಅಘನಾಶಿನಿ ಅಳಿವೆಯ ಸ್ಯಾಂಡ್ ಪ್ಲೋವರ್, ಟಿಬೆಟನ್ನೋ ಗ್ರೇಟರ್ರೋ?

ಕುಮಟಾ ಕಡೆಯ ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಕೆಸರುಬಯಲಿಗೆ ಬರುವ ಸ್ಯಾಂಡ್ ಪ್ಲೋವರ್ (ಪುಟ್ಟ ದಡದ ಹಕ್ಕಿ) ಹಿಂಡು ಎಣಿಸುವಾಗ ಸಿಕ್ಕಿಹಾಕಿಕೊಂಡಿದ್ದೇವೆ. ಹೆಚ್ಚಿನವು ಟಿಬೆಟನ್ (ಮೊದಲು ಲೆಸ್ಸರ್ ಅಂತಿದ್ದದ್ದು), ಅದರಲ್ಲಿ ಗೊಂದಲವಿಲ್ಲ. ಜೊತೆಗಿದ್ದ 3 ಹಕ್ಕಿಗಳದ್ದೇ ತಲೆನೋವು.

ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿ ಅಂಚಿನವರೆಗಿನ ದೂರಕ್ಕಿಂತ ಕೊಕ್ಕು ಸ್ಪಷ್ಟವಾಗಿ ಉದ್ದವಿದ್ದರೆ ಗ್ರೇಟರ್. ಇಲ್ಲಿ ಹೆಚ್ಚುಕಮ್ಮಿ ಸಮ. ತಲೆ ಚೂರು ಓರೆಯಾದರೂ ಕೊಕ್ಕು ಗಿಡ್ಡ ಕಾಣುತ್ತದೆ, ಅದಕ್ಕೇ ನೇರ ಪಕ್ಕದಿಂದ ತೆಗೆದ 4 ಫೋಟೋಗಳಲ್ಲಷ್ಟೇ ಅಳೆದಿದ್ದು. ಟಿಬೆಟನ್ ಕೊಕ್ಕು, ಲೆಸ್ಸರ್‌ನಿಂದಲೇ ಬೇರೆಯಾದ ಇನ್ನೊಂದು ಜಾತಿ ಸೈಬೀರಿಯನ್‌ನದಕ್ಕಿಂತ ಉದ್ದ. ಗ್ರೇಟರ್‌ನಲ್ಲೇ ಪಶ್ಚಿಮದ ಕೊಲಂಬಿನಸ್ ಉಪಪ್ರಭೇದದ್ದು ಗಿಡ್ಡ. ಹಾಗಾಗಿ ಎರಡೂ ಹತ್ತಿರ ಹತ್ತಿರ ಬಂದುಬಿಡುತ್ತವೆ, ಬರೀ ಕೊಕ್ಕು ನಂಬಿದರೆ ಖಂಡಿತ ಎಡವುತ್ತೇವೆ.

ಗ್ರೇಟರ್ ಕಾಲಿಗೆ ಹಳದಿ-ಹಸಿರು ಛಾಯೆ ಇರಬೇಕು. ಆದರೆ ಬೂದು ಕೆಸರು ಮೆತ್ತಿ, ಒಣಗಿ ಬಿರಿದು, ಅಸಲಿ ಬಣ್ಣ ಕಾಣುತ್ತಲೇ ಇಲ್ಲ. ಹಾರುವಾಗಿನ ಒಂದೇ ಫೋಟೋದಲ್ಲಿ ಒಂದು ಹಕ್ಕಿಯ ಬೆರಳುಗಳು ಬಾಲದ ತುದಿ ದಾಟಿ ಚಾಚಿವೆ, ಅದು ಗ್ರೇಟರ್ ಲಕ್ಷಣ. ಉಳಿದ 2 ಹಾರುವುದು ಸಿಕ್ಕಿಲ್ಲ.

ಕರಾವಳಿಯಲ್ಲಿ ಈ ಎರಡನ್ನೂ ಒಟ್ಟಿಗೆ ನೋಡಿ ಪಳಗಿದವರು ಹೇಳಿ: ಕೊಕ್ಕು ಸಮವಿದ್ದಾಗ ಬೆರಳು ಚಾಚಿದ್ದೊಂದನ್ನೇ ನಂಬಿ ಆ ಹಕ್ಕಿಯನ್ನು ಗ್ರೇಟರ್ ಅಂತ ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಹಾಕಬಹುದೇ, ಇಲ್ಲಾ ಮೂರನ್ನೂ ಜಾತಿ ಖಚಿತವಿಲ್ಲದ ಸ್ಯಾಂಡ್ ಪ್ಲೋವರ್ ಅಂತಲೇ ಬಿಡಬೇಕೇ?