ಗಣಿ ಕಾರ್ಮಿಕರ ವಸ್ತುಸಂಗ್ರಹಾಲಯ: ಮನೆಯವರು ಕೊಟ್ಟದ್ದನ್ನು ಹೇಗೆ ಪಡೆಯಬೇಕು?

ಮಾರಿಕುಪ್ಪಂ ಮೊಮ್ಮಗಳು:
ನನ್ನ ತಾತ ಉತ್ತರ ಆರ್ಕಾಟಿನಿಂದ ಕೋಲಾರದ ಚಿನ್ನದ ಗಣಿಗೆ, ಅಂದರೆ ಕೆಜಿಎಫ್‌ಗೆ, ಕೂಲಿಗೆ ಬಂದವರು. ಚಾಂಪಿಯನ್ ರೀಫ್ ಗಣಿಯ ಲೈನ್ ಮನೆಯಲ್ಲೇ, ಅಂದರೆ ಕಾರ್ಮಿಕರ ಸಾಲುಮನೆಯಲ್ಲೇ, ಸಂಸಾರ ಬೆಳೆಯಿತು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಈಗ ರಾಬರ್ಟ್‌ಸನ್‌ಪೇಟೆಯ ಒಂದು ಕೋಣೆಯಲ್ಲಿ ನಾವು ಕೆಲವರು, ಹೆಚ್ಚಿನವರು ನಿವೃತ್ತ ಕಾರ್ಮಿಕರು, ನಮ್ಮ ಜನರ ವಸ್ತುಗಳನ್ನು ಕೂಡಿಡುತ್ತಿದ್ದೇವೆ. ಸಂಬಳದವರು ಯಾರೂ ಇಲ್ಲ. ಭಾನುವಾರ ಮಾತ್ರ ಬಾಗಿಲು ತೆರೆಯುತ್ತೇವೆ. ಕೆಜಿಎಫ್ ಎಂದೊಡನೆ ಎಲ್ಲರೂ 1880ರಲ್ಲಿ ಬಂದ ಬ್ರಿಟಿಷರ ಜಾನ್ ಟೇಲರ್ ಕಂಪನಿ, ದೊರೆಗಳ ಬಂಗಲೆ, ಕ್ಲಬ್ಬು ಎನ್ನುತ್ತಾರೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವರ ಬುತ್ತಿ ಡಬ್ಬಿಯನ್ನು ಯಾರು ಕಾಪಾಡಿದ್ದಾರೆ?

ತೊಡಕು ಇಷ್ಟು. ಹಿರಿಯರೊಬ್ಬರು ಗಣಿಯಲ್ಲಿ ದುಡಿದ ತಮ್ಮ ತಂದೆಯ ಗುರುತಿನ ಹಿತ್ತಾಳೆ ಬಿಲ್ಲೆಯನ್ನು ತಂದುಕೊಟ್ಟರು. ನಡುವೆ ಕೊರೆದ ಅಂಕಿ, ಮೇಲೆ ತೂತು, ಬೆರಳು ತಾಗಿ ತಾಗಿ ಅಂಚೆಲ್ಲ ನುಣುಪು. ಕೆಲವೇ ದಿನಗಳಲ್ಲಿ ಅವರ ಮಗ ಬಂದು, "ಅದು ಮನೆತನದ ಸೊತ್ತು, ವಾಪಸು ಕೊಡಿ" ಎಂದರು. ಏನು ಮಾಡಬೇಕು?

ಕೋಲಾರದ ಗ್ರಂಥಪಾಲಕ:
ಕೊಟ್ಟುಬಿಡಿ ಅಮ್ಮ. ಕೊಡುವ ಮೊದಲು ಎರಡೂ ಬದಿಯ ಫೋಟೊ ತೆಗೆದು, ತೂಕ, ಅಳತೆ ಬರೆದುಕೊಳ್ಳಿ. ಆ ಮಗನನ್ನು ಕೂರಿಸಿ ಕಾಫಿ ಕೊಟ್ಟು ಅಜ್ಜನ ಕಥೆ ಕೇಳಿ. ಮನಸ್ತಾಪವಾದರೆ ಒಂದು ಬಿಲ್ಲೆಯ ಜೊತೆಗೆ ಇಡೀ ಲೈನೇ ನಿಮಗೆ ಬಾಗಿಲು ಮುಚ್ಚುತ್ತದೆ.

ಇನ್ನು ಮುಂದೆ ದಪ್ಪ ರಟ್ಟಿನ ಒಂದು ದಾಖಲೆ ಪುಸ್ತಕ ಇಡಿ. ಪ್ರತಿ ವಸ್ತುವಿಗೂ ಕ್ರಮಸಂಖ್ಯೆ, ಬಂದ ದಿನಾಂಕ, ಕೊಟ್ಟವರ ಹೆಸರು, ಯಾರು ಬಳಸಿದ್ದು ಎಂಬ ವಿವರ ಇರಲಿ. ದಾನವೋ, ಎರವಲೋ ಎಂದು ಸ್ಪಷ್ಟವಾಗಿ ಬರೆದು, ಸಾಧ್ಯವಾದರೆ ಮನೆಯ ಇಬ್ಬರ ಸಹಿ ಪಡೆಯಿರಿ. ಎರವಲಾದರೆ ಎಷ್ಟು ಕಾಲಕ್ಕೆ ಎಂಬುದೂ ಬೇಕು. ಒಕ್ಕಣೆ ತಮಿಳಿನಲ್ಲೂ ಕನ್ನಡದಲ್ಲೂ ಇರಲಿ. ಅರ್ಥವಾಗದ ಕಾಗದಕ್ಕೆ ಯಾರಿಂದಲೂ ಸಹಿ ಹಾಕಿಸಬಾರದು.

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಿ ಉಜ್ಜಲೇಬೇಡಿ. ಆ ಕಪ್ಪು, ಆ ಸವೆತವೇ ದುಡಿಮೆಯ ಗುರುತು. ಹಳೆಯ ಕಾಗದಗಳಿಗೆ ಲ್ಯಾಮಿನೇಷನ್ ಬೇಡ, ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಫೋಟೊಗಳ ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಸಾಕು.

ಕೋಣೆ, ವಸ್ತು ಯಾರೊಬ್ಬರ ಹೆಸರಿನಲ್ಲೂ ಇರದಂತೆ ನೋಡಿಕೊಳ್ಳಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಸಂಘ ಮುಚ್ಚಿದರೆ ವಸ್ತುಗಳು ಎಲ್ಲಿಗೆ ಹೋಗಬೇಕೆಂದು ಈಗಲೇ ಬರೆದಿಡಿ.

ಬಂಗಾರಪೇಟೆ ಪ್ಯಾಸೆಂಜರ್:
ಗ್ರಂಥಪಾಲಕರ ಮಾತಿಗೆ ಒಂದು ಸೇರಿಸುತ್ತೇನೆ. ವಸ್ತು ಕಾಯುತ್ತದೆ, ಮನುಷ್ಯರು ಕಾಯುವುದಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೆಲಸದಲ್ಲಿದ್ದವರಿಗೆ ಈಗ ವಯಸ್ಸಾಗಿದೆ. ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದವರು ಎಷ್ಟೋ ಮಂದಿ ಆಗಲೇ ಹೋಗಿಬಿಟ್ಟರು. ನಮ್ಮಪ್ಪನೂ ಹಾಗೇ ಹೋದರು. ಮೊಬೈಲಿನಲ್ಲೇ ದನಿ ಮುದ್ರಿಸಿ. ಹೆಂಗಸರನ್ನೂ ಕೇಳಿ. ಗಣಿಯೊಳಗೆ ಬಂಡೆ ಸಿಡಿದರೆ ಮೇಲೆ ಮನೆಯ ಪಾತ್ರೆಗಳು ಅದುರುತ್ತಿದ್ದವು. ಆಗ ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಕಡೆಗೆ ಓಡುತ್ತಿದ್ದವರು ಅವರು.

ಮಾರಿಕುಪ್ಪಂ ಮೊಮ್ಮಗಳು:
ಇಬ್ಬರಿಗೂ ನಮಸ್ಕಾರ. ಬಿಲ್ಲೆಯನ್ನು ಈ ಭಾನುವಾರವೇ ಅವರ ಮನೆಗೆ ತಲುಪಿಸುತ್ತೇವೆ. ಪ್ಯಾಸೆಂಜರ್ ಅಣ್ಣ, ನಿಮ್ಮ ತಾಯಿಯವರು ಇದ್ದರೆ ಮೊದಲು ಅವರ ಮಾತನ್ನೇ ಮುದ್ರಿಸಿಕೊಳ್ಳುವ ಆಸೆ. ಯಾವಾಗ ಬರಬಹುದು?