ಮಗು ಮಲಗಿದರೂ ನನಗೆ ನಿದ್ದೆ ಇಲ್ಲ, ಯಾರಿಗೆ ತೋರಿಸಲಿ?

ಬಾಣಂತಿ_ಗುಬ್ಬಿ: ತವರಲ್ಲಿದ್ದೇನೆ. ಮಗುವಿಗೆ ಎರಡು ತಿಂಗಳು. ರಾತ್ರಿಯೆಲ್ಲ ಅದರ ಮೂಗಿನ ಹತ್ತಿರ ಬೆರಳಿಟ್ಟು, ಉಸಿರಾಡ್ತಿದೆಯಾ ಅಂತ ನೋಡ್ತಾ ಕೂತಿರುತ್ತೇನೆ. ಸುಮ್ಸುಮ್ನೆ ಅಳು ಬರುತ್ತೆ. ಅಮ್ಮ ಕಿವಿಗೆ ಬಟ್ಟೆ ಕಟ್ಟಿ, ಸಾಂಬ್ರಾಣಿ ಹಾಕಿ, 'ದೃಷ್ಟಿಯಾಗಿದೆ ಕಣೆ' ಅಂತಾರೆ. ಹಾಲು ಕುಡಿಸುವಾಗ ಮಾತ್ರೆ ತಗೊಳ್ಳಬಹುದಾ?

ನರ್ಸಕ್ಕ_ತುಮಕೂರು: ಹೆರಿಗೆಯಾದ ಮೊದಲ ಎರಡು ವಾರ ಅಳು ಬರೋದು ತುಂಬಾ ಜನಕ್ಕೆ ಇರುತ್ತೆ, ತಾನಾಗಿ ಹೋಗುತ್ತೆ. ನಿಮ್ಮದು ಎರಡು ತಿಂಗಳಾಯ್ತಲ್ವಾ, ಇನ್ನು ಕಾಯಬೇಡಿ. ತುಮಕೂರು ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ, ಅವು ಏರುಪೇರಾದರೂ ಹೀಗೆ ಸುಸ್ತು, ಗಾಬರಿ ಆಗುತ್ತೆ. ಮಾತ್ರೆ ವಿಷಯ: ಖಿನ್ನತೆ, ಗಾಬರಿಗೆ ಕೊಡುವ ಸರ್ಟ್ರಾಲಿನ್‌ನಂಥವು ಎದೆಹಾಲಿಗೆ ಸೇರೋದು ಬಹಳ ಕಡಿಮೆ, ಹಾಲು ಬಿಡಿಸದೆಯೇ ಕೊಡುತ್ತಾರೆ. ಆದರೆ ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಸಾಂಬ್ರಾಣಿ ಹೊಗೆ ಮಗುವಿನ ಕೋಣೆಯಲ್ಲಿ ಬೇಡ ಅಂತ ಅಮ್ಮನಿಗೆ ನಾನು ಹೇಳಿದೆ ಅನ್ನಿ!

ಶಿರಾದವನು: ನನ್ನ ಹೆಂಡತಿಗೆ ಇದಕ್ಕಿಂತ ಜೋರಾಗಿತ್ತು. ಯಾರೋ ಮಾತಾಡಿದ ಹಾಗೆ ಕೇಳಿಸುತ್ತೆ, ಮಗು ನಮ್ಮದಲ್ಲ ಅಂತಿದ್ದಳು. ಹಾಗಾದರೆ ಅವತ್ತೇ ಆಸ್ಪತ್ರೆಗೆ ಓಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ದಾಖಲು ಮಾಡಿಕೊಳ್ಳುವ ವಾರ್ಡ್ 2009ರಿಂದ ಇದೆ. ಅಲ್ಲಿ ನಮ್ಮತ್ತೆಯೂ ಜೊತೆಗಿದ್ದರು. ಈಗ ಮಗಳು ಅಂಗನವಾಡಿಗೆ ಹೋಗ್ತಾಳೆ, ಇವಳು ಮತ್ತೆ ಹೊಲಿಗೆ ಶುರು ಮಾಡಿದ್ದಾಳೆ.

ನರ್ಸಕ್ಕ_ತುಮಕೂರು: ರಾತ್ರಿ ತಡೆಯೋಕಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಸಾಯಬೇಕು ಅನ್ನೋ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಅಮ್ಮನನ್ನು ಎಬ್ಬಿಸಿ.

ಬಾಣಂತಿ_ಗುಬ್ಬಿ: ಅಷ್ಟೊಂದಿಲ್ಲ ಅಕ್ಕ. ಸೋಮವಾರ ಅಣ್ಣ ಕಾರಲ್ಲಿ ಕರೆದುಕೊಂಡು ಹೋಗ್ತಾನಂತೆ. ಅಮ್ಮನೂ ಬರ್ತಾರೆ, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಹೋಗಬೇಕಂತೆ.